ಅಧಿಕಾರಕ್ಕೆ ಅಂಕುಶ: ಅಮೆರಿಕದ ಸಂವಿಧಾನ ಕಲಿಸುವ ಪಾಠ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಈ ಪ್ರಶ್ನೆ ಕನ್ನಡ ನಾಡಿನ ರೈತನಿಗೂ ಹೊಸದಲ್ಲ, ರಾಜ್ಯಶಾಸ್ತ್ರವನ್ನು ಬಲ್ಲ ಪಂಡಿತನಿಗೂ ಹೊಸದಲ್ಲ. ಕಳ್ಳಕಾಕರಿಂದ, ಪರರ ದಾಳಿಯಿಂದ, ಬಲಾಢ್ಯರ ದಬ್ಬಾಳಿಕೆಯಿಂದ ತನ್ನನ್ನು ಕಾಪಾಡಿಕೊಳ್ಳಲೆಂದು ಸಮಾಜವು ಸರ್ಕಾರವೆಂಬ ಬೇಲಿಯನ್ನು ಕಟ್ಟಿಕೊಳ್ಳುತ್ತದೆ. ದಂಡವನ್ನೂ ಖಜಾನೆಯನ್ನೂ ಸೈನ್ಯವನ್ನೂ ಅದರ ಕೈಗೆ ಒಪ್ಪಿಸುತ್ತದೆ. ಹೀಗೆ ಒಪ್ಪಿಸಿದ ಮೇಲೆ ಅದೇ ಬೇಲಿ ಬೆಳೆಗೆ ಬಾಯಿ ಹಾಕಿದರೆ ಗತಿಯೇನು? ಅರಸೊತ್ತಿಗೆಯ ಕಾಲದಲ್ಲಿ ಇದಕ್ಕೆ ದೊರೆಯುತ್ತಿದ್ದ ಉತ್ತರ ಒಂದೇ: ಅರಸನು ಧರ್ಮಿಷ್ಠನಾಗಿರಲೆಂದು ಹಾರೈಸುವುದು. 1787ನೆಯ ಇಸವಿಯ ಬೇಸಿಗೆಯಲ್ಲಿ ಫಿಲಡೆಲ್ಫಿಯ ನಗರದಲ್ಲಿ ನೆರೆದ 55 ಮಂದಿ ಪ್ರತಿನಿಧಿಗಳು ಹಾರೈಕೆಯನ್ನು ನೆಚ್ಚದೆ ಬೇರೊಂದು ಉತ್ತರವನ್ನು ಹುಡುಕಿದರು. ಆ ಉತ್ತರವೇ ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನ.

ಶಾಲಾ ಕಾಲೇಜುಗಳ ಪೌರನೀತಿ ಹಾಗೂ ರಾಜ್ಯಶಾಸ್ತ್ರದ ತರಗತಿಗಳಲ್ಲಿ ಈ ಸಂವಿಧಾನದ ಪರಿಚಯ ಐದಾರು ಪಾರಿಭಾಷಿಕ ಪದಗಳ ರೂಪದಲ್ಲಿ ಆಗುತ್ತದೆ. ಅಧಿಕಾರ ಪ್ರತ್ಯೇಕತೆ, ನಿಯಂತ್ರಣ ಮತ್ತು ಸಮತೋಲನ, ಸಂಯುಕ್ತ ಪದ್ಧತಿ, ನ್ಯಾಯಿಕ ಪುನರ್ವಿಮರ್ಶೆ, ಹಕ್ಕುಗಳ ಮಸೂದೆ ಇವುಗಳನ್ನು ವಿದ್ಯಾರ್ಥಿಯು ಕಂಠಪಾಠ ಮಾಡುತ್ತಾನೆ. ಪ್ರತಿಯೊಂದಕ್ಕೂ ನಾಲ್ಕು ಸಾಲಿನ ವ್ಯಾಖ್ಯೆಯನ್ನು ಬರೆದು ಅಂಕ ಗಳಿಸುತ್ತಾನೆ. ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಾನೆ. ಮರೆಯುವುದು ಅವನ ತಪ್ಪೆಂದು ಹೇಳಲಾಗದು. ಈ ತತ್ತ್ವಗಳಲ್ಲಿ ಒಂದೂ ಗ್ರಂಥಾಲಯದ ಮೌನದಲ್ಲಿ ಹುಟ್ಟಿದ್ದಲ್ಲ, ಬೆಳೆದದ್ದೂ ಅಲ್ಲ. ಪ್ರತಿಯೊಂದರ ಹಿಂದೆಯೂ ಒಂದು ವ್ಯಾಜ್ಯವಿದೆ; ಆ ವ್ಯಾಜ್ಯದಲ್ಲಿ ಸೋತ ಒಬ್ಬ ಬಲಿಷ್ಠನಿದ್ದಾನೆ, ಅಥವಾ ನ್ಯಾಯ ದೊರೆಯದೆ ನಿರಾಶನಾದ ಒಬ್ಬ ದುರ್ಬಲನಿದ್ದಾನೆ. ವ್ಯಾಜ್ಯವನ್ನು ಬಿಟ್ಟು ವ್ಯಾಖ್ಯೆಯನ್ನಷ್ಟೇ ಬೋಧಿಸಿದರೆ ಕಾಳು ಹೋಗಿ ಹೊಟ್ಟು ಉಳಿದಂತಾಗುತ್ತದೆ. ಸಂವಿಧಾನದ ಬೆಲೆ ತಿಳಿಯುವುದು ಆಳುವವನು "ಆಗದು" ಎಂಬ ಮಾತನ್ನು ಕೇಳಬೇಕಾಗಿ ಬಂದ ದಿನ. ಆ ದಿನ ಅವನು ತಲೆಬಾಗಿದನೇ, ಇಲ್ಲವೇ ಎಂಬುದರಲ್ಲಿ ಇಡೀ ಶಾಸ್ತ್ರದ ಸಾರ ಅಡಗಿದೆ.

ಮೊದಲಿಗೆ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೋಡಬಹುದು. 1776ರಲ್ಲಿ 13 ವಸಾಹತುಗಳು ಬ್ರಿಟನ್ನಿನ ಆಳ್ವಿಕೆಯನ್ನು ಕಿತ್ತೊಗೆದು ಸ್ವಾತಂತ್ರ್ಯವನ್ನು ಘೋಷಿಸಿದವು. ಅರಸನ ಕಾಟದಿಂದ ಬೇಸತ್ತಿದ್ದ ಜನ 1781ರಲ್ಲಿ ಜಾರಿಗೆ ತಂದ ಒಕ್ಕೂಟದ ಕರಾರು ಅತಿ ದುರ್ಬಲವಾದುದಾಗಿತ್ತು. ಆ ಒಕ್ಕೂಟಕ್ಕೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ, ಪ್ರತ್ಯೇಕ ಕಾರ್ಯಾಂಗವಿರಲಿಲ್ಲ, ರಾಷ್ಟ್ರೀಯ ನ್ಯಾಯಾಲಯಗಳ ವ್ಯವಸ್ಥೆಯಿರಲಿಲ್ಲ. 1786ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸಾಲಗಾರ ರೈತರು ಡೇನಿಯಲ್ ಶೇಸ್ ಎಂಬ ಮಾಜಿ ಸೈನಿಕನ ಮುಂದಾಳುತನದಲ್ಲಿ ದಂಗೆಯೆದ್ದಾಗ ಒಕ್ಕೂಟವು ಕೈಕಟ್ಟಿ ನೋಡುವಂತಾಯಿತು. ಅಧಿಕಾರ ಹೆಚ್ಚಾದರೆ ದಬ್ಬಾಳಿಕೆ, ಕಡಿಮೆಯಾದರೆ ಅರಾಜಕತೆ. ಇವೆರಡರ ನಡುವಿನ ಹಾದಿಯನ್ನು ಹುಡುಕುವುದೇ ಫಿಲಡೆಲ್ಫಿಯದಲ್ಲಿ ಕೂಡಿದ್ದವರ ಮುಂದಿದ್ದ ಸಮಸ್ಯೆ. ಜಾರ್ಜ್ ವಾಷಿಂಗ್ಟನ್ನನ ಅಧ್ಯಕ್ಷತೆಯಲ್ಲಿ ಮೇ ತಿಂಗಳಿನಿಂದ ಸೆಪ್ಟೆಂಬರ್ 17ರವರೆಗೆ ಗುಪ್ತವಾಗಿ ಚರ್ಚೆ ನಡೆಯಿತು. ಕೊನೆಗೆ ಸಹಿ ಹಾಕಿದವರು 39 ಮಂದಿ. ರೋಡ್ ಐಲೆಂಡ್ ರಾಜ್ಯವಂತೂ ಪ್ರತಿನಿಧಿಗಳನ್ನೇ ಕಳುಹಿಸಿರಲಿಲ್ಲ.

ಈ ಸಭೆಯ ಚರ್ಚೆಯನ್ನು ದಿನದಿನವೂ ಬರೆದಿಟ್ಟವನು ಜೇಮ್ಸ್ ಮ್ಯಾಡಿಸನ್. ಅವನ ಚಿಂತನೆಯ ತಿರುಳು ಇಷ್ಟೇ: ಆಳುವವರ ಸದ್ಗುಣವನ್ನು ನೆಚ್ಚಿ ರಾಜ್ಯವನ್ನು ಕಟ್ಟಬಾರದು, ಒಂದು ಸ್ಥಾನದಲ್ಲಿರುವವನ ಅಧಿಕಾರದಾಹಕ್ಕೆ ಇನ್ನೊಂದು ಸ್ಥಾನದಲ್ಲಿರುವವನ ಅಧಿಕಾರದಾಹವನ್ನೇ ಕಾವಲಿಡಬೇಕು. ಫ್ರಾನ್ಸಿನ ಮಾಂಟೆಸ್ಕ್ಯೂ 1748ರಲ್ಲಿ ಪ್ರತಿಪಾದಿಸಿದ ಅಧಿಕಾರ ಪ್ರತ್ಯೇಕತೆಯ ವಿಚಾರ ಇಲ್ಲಿ ಕಾರ್ಯರೂಪಕ್ಕೆ ಬಂದಿತು. ಕಾನೂನು ಮಾಡುವ ಕಾಂಗ್ರೆಸ್, ನಡೆಸುವ ಅಧ್ಯಕ್ಷ, ತೀರ್ಪು ನೀಡುವ ನ್ಯಾಯಾಲಯ ಎಂದು ಅಧಿಕಾರವು ಮೂರಾಗಿ ಒಡೆಯಿತು. ಆದರೆ ಒಡೆದು ಬೇರೆ ಬೇರೆ ಕೋಣೆಗಳಲ್ಲಿ ಇಟ್ಟಿದ್ದರೆ ಸಾಲುತ್ತಿರಲಿಲ್ಲ. ಪ್ರತಿಯೊಂದು ಕೋಣೆಯ ಬೀಗದ ಕೈ ಇನ್ನೊಂದು ಕೋಣೆಯಲ್ಲಿರುವಂತೆ ಮಾಡಿದ್ದು ಈ ವ್ಯವಸ್ಥೆಯ ಜಾಣ್ಮೆ. ಕಾಂಗ್ರೆಸ್ಸಿನ ಮಸೂದೆಯನ್ನು ಅಧ್ಯಕ್ಷ ತಿರಸ್ಕರಿಸಬಹುದು. ಮೂರನೆಯ ಎರಡು ಭಾಗದ ಬಹುಮತದಿಂದ ಉಭಯ ಸದನಗಳು ಆ ತಿರಸ್ಕಾರವನ್ನು ಮೀರಬಹುದು. ನ್ಯಾಯಾಧೀಶರನ್ನು ಅಧ್ಯಕ್ಷ ಹೆಸರಿಸುತ್ತಾನೆ, ಸೆನೆಟ್ ಒಪ್ಪಬೇಕು. ಒಮ್ಮೆ ನೇಮಕವಾದ ನ್ಯಾಯಾಧೀಶರನ್ನು ಇಬ್ಬರಲ್ಲಿ ಯಾರೂ ಮನಬಂದಂತೆ ಕಿತ್ತುಹಾಕಲಾರರು, ಅವರ ಸಂಬಳವನ್ನೂ ಇಳಿಸಲಾರರು.

ಇದು ಬರಹದ ಮಾತಾಯಿತು. ಬರಹ ಬದುಕಿನಲ್ಲಿ ಹೇಗೆ ನಿಂತಿತೆಂಬುದಕ್ಕೆ 1952ರ ಉಕ್ಕಿನ ಕಾರ್ಖಾನೆಗಳ ಪ್ರಕರಣ ಉತ್ತಮ ನಿದರ್ಶನ. ಅಂದು ಕೊರಿಯದಲ್ಲಿ ಯುದ್ಧ ನಡೆದಿತ್ತು. ಉಕ್ಕಿನ ಕಾರ್ಮಿಕರು ಮುಷ್ಕರ ಹೂಡಲು ಸಿದ್ಧರಾಗಿದ್ದರು. ಉಕ್ಕು ನಿಂತರೆ ರಣರಂಗದ ಸೈನಿಕನಿಗೆ ಮದ್ದುಗುಂಡು ನಿಂತೀತೆಂದು ಭಾವಿಸಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಏಪ್ರಿಲ್ ತಿಂಗಳಲ್ಲಿ ಆ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಳ್ಳುವಂತೆ ಆಜ್ಞೆ ಹೊರಡಿಸಿದ. ಉದ್ದೇಶ ದುಷ್ಟವಾದುದೆಂದು ಯಾರೂ ಹೇಳಲಾರರು. ಆದರೆ ಹಾಗೆ ವಶಪಡಿಸಿಕೊಳ್ಳಲು ಕಾಂಗ್ರೆಸ್ ಅವನಿಗೆ ಅಧಿಕಾರವನ್ನು ಕೊಟ್ಟಿರಲಿಲ್ಲ. ಸರ್ವೋಚ್ಚ ನ್ಯಾಯಾಲಯದ ಅಂದಿನ ಒಂಬತ್ತು ನ್ಯಾಯಮೂರ್ತಿಗಳೂ ಟ್ರೂಮನ್ ಅಥವಾ ಅವನ ಪಕ್ಷದವನೇ ಆದ ರೂಸ್‌ವೆಲ್ಟ್ ನೇಮಿಸಿದವರು. ಹಾಗಿದ್ದೂ ಜೂನ್ 2ರಂದು 6ಕ್ಕೆ 3ರ ಬಹುಮತದಿಂದ ಅಧ್ಯಕ್ಷನ ಆಜ್ಞೆ ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಬಂತು. ಸೈನ್ಯದ ಮಹಾದಂಡನಾಯಕನಾದ ಅಧ್ಯಕ್ಷ ಕಾರ್ಖಾನೆಗಳನ್ನು ಕೂಡಲೇ ಹಿಂದಿರುಗಿಸಿದ. ಮುಷ್ಕರ ಏಳು ವಾರಗಳಿಗೂ ಮಿಕ್ಕಿ ನಡೆಯಿತು. ನ್ಯಾಯಾಲಯಕ್ಕೆ ಸೈನ್ಯವಿಲ್ಲ, ಖಜಾನೆಯಿಲ್ಲ. ಅದರ ಕೈಯಲ್ಲಿರುವುದು ಒಂದು ಹಾಳೆ ಕಾಗದ ಮಾತ್ರ. ಆ ಕಾಗದಕ್ಕೆ ಜಗತ್ತಿನ ಅತಿ ಬಲಿಷ್ಠ ಅಧಿಕಾರಿ ಮಣಿದನೆಂಬುದೇ ಅಧಿಕಾರ ಪ್ರತ್ಯೇಕತೆಯ ನಿಜವಾದ ವ್ಯಾಖ್ಯೆ.

ಇಪ್ಪತ್ತೆರಡು ವರ್ಷಗಳ ಅನಂತರ ಇದಕ್ಕಿಂತ ಕಠಿನವಾದ ಪರೀಕ್ಷೆ ಎದುರಾಯಿತು. 1972ರ ಜೂನ್ ತಿಂಗಳಲ್ಲಿ ವಿರೋಧ ಪಕ್ಷದ ಕಚೇರಿಗೆ ಕೆಲವರು ಕಳ್ಳತನದಿಂದ ನುಗ್ಗಿ ಸಿಕ್ಕಿಬಿದ್ದರು. ವಾಟರ್‌ಗೇಟ್ ಎಂಬ ಕಟ್ಟಡದ ಹೆಸರಿನಿಂದ ಪ್ರಸಿದ್ಧವಾದ ಆ ಹಗರಣ ಮೆಟ್ಟಿಲು ಮೆಟ್ಟಿಲಾಗಿ ಏರಿ ಅಧ್ಯಕ್ಷ ರಿಚರ್ಡ್ ನಿಕ್ಸನ್ನನ ಬಾಗಿಲಿಗೆ ಬಂದಿತು. ತನ್ನ ಕಚೇರಿಯ ಮಾತುಕತೆಗಳ ಧ್ವನಿಮುದ್ರಿಕೆಗಳನ್ನು ನ್ಯಾಯಾಲಯಕ್ಕೆ ಒಪ್ಪಿಸಲಾರೆನೆಂದು ನಿಕ್ಸನ್ ಹಟ ಹಿಡಿದ. 1974ರ ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯದ ಎಂಟು ಮಂದಿ ಒಮ್ಮತದಿಂದ ಅವನ ವಾದವನ್ನು ತಳ್ಳಿಹಾಕಿದರು. ತೀರ್ಪನ್ನು ಬರೆದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ನಿಕ್ಸನ್ನನಿಂದಲೇ ನೇಮಕಗೊಂಡವನು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂಬ ನೀತಿ ಗೃಹಸ್ಥನಿಗೆ ಸಲ್ಲುವುದೇ ಹೊರತು ನ್ಯಾಯಪೀಠಕ್ಕೆ ಸಲ್ಲದೆಂಬುದನ್ನು ಆ ತೀರ್ಪು ಜಗತ್ತಿಗೆ ತೋರಿಸಿತು. ಮಹಾಭಿಯೋಗದ ಭೀತಿ ಎದುರಾದಾಗ ಆಗಸ್ಟ್ 9ರಂದು ನಿಕ್ಸನ್ ಪದತ್ಯಾಗ ಮಾಡಿದ. ಈ ಪ್ರಶ್ನೆ ಅಂದಿಗೇ ಮುಗಿಯಿತೆಂದು ತಿಳಿಯಲಾಗದು. 2024ರ ಜುಲೈ 1ರಂದು ಅದೇ ನ್ಯಾಯಾಲಯವು 6ಕ್ಕೆ 3ರ ಬಹುಮತದಿಂದ, ಅಧ್ಯಕ್ಷನು ಪದವಿಯ ಅಧಿಕಾರದಿಂದ ಮಾಡಿದ ಕಾರ್ಯಗಳಿಗೆ ಕ್ರಿಮಿನಲ್ ಮೊಕದ್ದಮೆಯಿಂದ ವ್ಯಾಪಕವಾದ ರಕ್ಷಣೆ ಉಂಟೆಂದು ತೀರ್ಪಿತ್ತಿದೆ. ಕಾರ್ಯಾಂಗ ಧೈರ್ಯವಾಗಿ ಕೆಲಸ ಮಾಡಲು ಇದು ಅವಶ್ಯವೆಂದು ಕೆಲವರೂ, ಅಂಕುಶವನ್ನು ಆನೆಯ ಕೈಗೇ ಕೊಟ್ಟಂತಾಯಿತೆಂದು ಕೆಲವರೂ ವಾದಿಸುತ್ತಾರೆ. ಅಂಕುಶ ಎಷ್ಟು ಹರಿತವಾಗಿರಬೇಕೆಂಬುದನ್ನು ಪ್ರತಿಯೊಂದು ತಲೆಮಾರೂ ಹೊಸದಾಗಿ ನಿರ್ಧರಿಸಬೇಕಾಗುತ್ತದೆ.

ಬರಹದಲ್ಲಿಲ್ಲದ ಅಂಕುಶಗಳೂ ಉಂಟು. ವಾಷಿಂಗ್ಟನ್ ಎರಡು ಅವಧಿಗಳನ್ನು ಪೂರೈಸಿ 1796ರಲ್ಲಿ ಮತ್ತೆ ಸ್ಪರ್ಧಿಸಲು ಒಲ್ಲೆನೆಂದ. ಸಂವಿಧಾನದಲ್ಲಿ ಅಂತಹ ನಿಷೇಧವಿರಲಿಲ್ಲ. ಅವನ ನಡೆಯೇ ಸಂಪ್ರದಾಯವಾಗಿ ಸುಮಾರು ಒಂದೂವರೆ ಶತಮಾನ ಉಳಿಯಿತು. ಫ್ರಾಂಕ್ಲಿನ್ ರೂಸ್‌ವೆಲ್ಟ್ ನಾಲ್ಕು ಬಾರಿ ಗೆದ್ದ ಅನಂತರ 1951ರಲ್ಲಿ 22ನೆಯ ತಿದ್ದುಪಡಿಯ ಮೂಲಕ ಅದನ್ನು ಬರೆದಿಡಬೇಕಾಯಿತು. 1801ರಲ್ಲಿ ಚುನಾವಣೆಯಲ್ಲಿ ಸೋತ ಜಾನ್ ಆಡಮ್ಸ್ ತನ್ನ ಕಡುವಿರೋಧಿ ಜೆಫರ್ಸನ್ನನಿಗೆ ಅಧಿಕಾರವನ್ನು ಬಿಟ್ಟುಕೊಟ್ಟ. ಪದಗ್ರಹಣ ಸಮಾರಂಭಕ್ಕೆ ನಿಲ್ಲದೆ ಮುಂಜಾನೆಯೇ ರಾಜಧಾನಿಯಿಂದ ಹೊರಟುಹೋದನೆಂಬುದು ನಿಜ, ಆದರೆ ಹೊರಟುಹೋದ. ಸೋತವನು ಮುನಿಸಿಕೊಳ್ಳಬಹುದು, ಕುರ್ಚಿಯನ್ನು ಮಾತ್ರ ಹಿಡಿದುಕೊಳ್ಳಬಾರದು ಎಂಬ ಪದ್ಧತಿ ಅಂದು ನೆಲೆಗೊಂಡಿತು. ಇಂತಹ ಪದ್ಧತಿ ಎಷ್ಟು ನವಿರಾದುದೆಂಬುದು 2021ರ ಜನವರಿ 6ರಂದು ಕಂಡುಬಂತು. ಮತಗಣನೆಯನ್ನು ತಡೆಯಲು ಜನರ ಗುಂಪೊಂದು ಕಾಂಗ್ರೆಸ್ ಭವನಕ್ಕೆ ನುಗ್ಗಿತು. ಫಲಿತಾಂಶವನ್ನು ಬದಲಿಸುವ ಅಧಿಕಾರ ತನಗಿಲ್ಲವೆಂದು ಉಪಾಧ್ಯಕ್ಷ ಮೈಕ್ ಪೆನ್ಸ್ ತನ್ನದೇ ಪಕ್ಷದ ಅಧ್ಯಕ್ಷನ ಒತ್ತಾಯವನ್ನು ನಿರಾಕರಿಸಿದ. ಸದಸ್ಯರು ಅಂದು ರಾತ್ರಿಯೇ ಮತ್ತೆ ಸೇರಿ ಮರುದಿನ ನಸುಕಿನಲ್ಲಿ ಎಣಿಕೆಯನ್ನು ಮುಗಿಸಿದರು. ಬೇಲಿ ನಿಂತಿತು, ಆದರೆ ಅದು ತಾನಾಗಿ ನಿಲ್ಲಲಿಲ್ಲ, ಕೆಲವರು ಹಿಡಿದು ನಿಲ್ಲಿಸಿದರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತು, ಇತಿಹಾಸವಾಗದು. ಫಿಲಡೆಲ್ಫಿಯದ ಬೇಲಿಯೊಳಗೆ ಎಲ್ಲರಿಗೂ ಸ್ಥಳವಿರಲಿಲ್ಲ. ಮನುಷ್ಯರೆಲ್ಲರೂ ಸಮಾನರೆಂದು 1776ರ ಘೋಷಣೆಯಲ್ಲಿ ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ಗುಲಾಮರ ಒಡೆಯನಾಗಿದ್ದ. ಗುಲಾಮ ಎಂಬ ಶಬ್ದವನ್ನು ಬಳಸಲು ನಾಚಿದ ಸಂವಿಧಾನಕರ್ತರು ಆ ಪದ್ಧತಿಯನ್ನು ಕಾಪಾಡಲು ನಾಚಲಿಲ್ಲ. ಪ್ರತಿನಿಧಿಗಳ ಸಂಖ್ಯೆಯನ್ನು ಲೆಕ್ಕಹಾಕುವಾಗ ಐದು ಮಂದಿ ಗುಲಾಮರನ್ನು ಮೂರು ಮಂದಿಯೆಂದು ಎಣಿಸಬೇಕೆಂದು ವಿಧಿಸಿದರು. ಎಣಿಕೆಯ ಲಾಭ ಒಡೆಯರಿಗೆ, ಎಣಿಸಲ್ಪಟ್ಟವರಿಗೆ ಮತವೂ ಇಲ್ಲ. ಓಡಿಹೋದ ಗುಲಾಮನನ್ನು ಹಿಂದಿರುಗಿಸಬೇಕೆಂದು ಕಟ್ಟಳೆ ಮಾಡಿದರು. ಗುಲಾಮರನ್ನು ಹೊರದೇಶದಿಂದ ತರುವುದನ್ನು 1808ಕ್ಕೆ ಮುಂಚೆ ಕಾಂಗ್ರೆಸ್ ನಿಷೇಧಿಸಕೂಡದೆಂದೂ ಬರೆದರು.

ನ್ಯಾಯಾಲಯವಾದರೂ ಇದನ್ನು ತಿದ್ದಿತೇ? ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ರದ್ದುಮಾಡುವ ನ್ಯಾಯಿಕ ಪುನರ್ವಿಮರ್ಶೆಯ ಅಧಿಕಾರವನ್ನು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ 1803ರ ಮಾರ್ಬರಿ ಪ್ರಕರಣದಲ್ಲಿ ಸ್ಥಾಪಿಸಿದ್ದ. ಕಾಂಗ್ರೆಸ್ಸಿನ ಕಾನೂನನ್ನು ರದ್ದುಪಡಿಸಲು ಆ ಅಧಿಕಾರವನ್ನು ನ್ಯಾಯಾಲಯ ಎರಡನೆಯ ಬಾರಿ ಬಳಸಿದ್ದು 1857ರಲ್ಲಿ. ಸ್ವತಂತ್ರ ಪ್ರದೇಶದಲ್ಲಿ ವರ್ಷಗಟ್ಟಲೆ ವಾಸಿಸಿದ ತಾನು ಸ್ವತಂತ್ರನೆಂದು ಡ್ರೆಡ್ ಸ್ಕಾಟ್ ಎಂಬ ಗುಲಾಮ ಹೂಡಿದ ದಾವೆಯಲ್ಲಿ, ಕಪ್ಪು ಜನರು ಅಮೆರಿಕದ ಪೌರರೇ ಆಗಲಾರರೆಂದು ನ್ಯಾಯಾಲಯ ತೀರ್ಪಿತ್ತಿತು. ಹೊಸ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಕಾಂಗ್ರೆಸ್ಸಿಗೆ ಇಲ್ಲವೆಂದೂ ಸಾರಿತು. ಅಂಕುಶವೇ ದುರ್ಬಲನ ನೆತ್ತಿಗೆ ಚುಚ್ಚಿದ ಸಂದರ್ಭವಿದು. ನ್ಯಾಯಾಲಯವೂ ಮನುಷ್ಯರಿಂದ ಕೂಡಿದ ಸಂಸ್ಥೆ, ಅದೂ ತಪ್ಪುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗೆ ಮರೆಮಾಚಬಾರದು.

ಇಂತಹ ದಾಖಲೆಯನ್ನು ಏನು ಮಾಡಬೇಕು? ಗುಲಾಮಗಿರಿಯ ವಿರೋಧಿಗಳಲ್ಲಿಯೇ ಈ ಕುರಿತು ದೊಡ್ಡ ಭಿನ್ನಾಭಿಪ್ರಾಯವಿತ್ತು. ಪತ್ರಿಕಾ ಸಂಪಾದಕ ವಿಲಿಯಂ ಲಾಯ್ಡ್ ಗ್ಯಾರಿಸನ್ ಸಂವಿಧಾನವು ಪಾಪದೊಡನೆ ಮಾಡಿಕೊಂಡ ಒಪ್ಪಂದವೆಂದು ಬಗೆದು 1854ರ ಜುಲೈ 4ರಂದು ಸಾರ್ವಜನಿಕ ಸಭೆಯಲ್ಲಿ ಅದರ ಪ್ರತಿಯನ್ನು ಸುಟ್ಟ. ಅವನ ಜೊತೆಗಾರನಾಗಿದ್ದ ಫ್ರೆಡರಿಕ್ ಡಗ್ಲಸ್ ಸ್ವತಃ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದವನು. ಒಡೆಯನ ಚಾವಟಿಯ ಏಟು ತಿಂದವನು. ಸಂವಿಧಾನವನ್ನು ಸುಡುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗಿತ್ತು. ಮೊದಲು ಗ್ಯಾರಿಸನ್ನನ ಮತವನ್ನೇ ಹಿಡಿದಿದ್ದ ಡಗ್ಲಸ್ 1851ರಲ್ಲಿ ಬಹಿರಂಗವಾಗಿ ಅಭಿಪ್ರಾಯ ಬದಲಿಸಿದ. ನ್ಯಾಯ, ಸ್ವಾತಂತ್ರ್ಯ, ಜನತೆ ಎಂದು ಬರೆದಿರುವ ದಾಖಲೆಯನ್ನು ಬರೆದವರ ಸ್ವಾರ್ಥಕ್ಕೆ ಅನುಸಾರವಾಗಿ ಓದಬೇಕಾಗಿಲ್ಲ, ಬರೆದ ಮಾತಿಗೆ ಅನುಸಾರವಾಗಿ ಓದಿದರೆ ಅದರಲ್ಲಿ ಗುಲಾಮಗಿರಿಗೆ ಎಡೆಯಿಲ್ಲ ಎಂಬುದು ಅವನ ನಿಲುವು. ಗ್ಯಾರಿಸನ್ನನ ಕೋಪ ಪ್ರಾಮಾಣಿಕವಾದುದು. ಆದರೆ ಡಗ್ಲಸ್ಸನ ಮಾರ್ಗವೇ ಫಲ ಕೊಟ್ಟಿತು. ಕೊಟ್ಟ ಮಾತನ್ನು ಹರಿದೆಸೆದವನಿಗೆ ಕೇಳುವ ಹಕ್ಕು ಉಳಿಯದು. ಹಿಡಿದು ನಿಂತವನು ಇಂದಲ್ಲ ನಾಳೆ ಅದನ್ನು ವಸೂಲು ಮಾಡಿಯಾನು.

ವಸೂಲಾತಿಗೆ ತೆತ್ತ ಬೆಲೆ ಅಲ್ಪವಾದುದಲ್ಲ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಮಡಿದರು. 1865ರ 13ನೆಯ ತಿದ್ದುಪಡಿ ಗುಲಾಮಗಿರಿಯನ್ನು ಅಳಿಸಿತು; 1868ರ 14ನೆಯದು ಪೌರತ್ವವನ್ನೂ ಕಾನೂನಿನ ಸಮಾನ ರಕ್ಷಣೆಯನ್ನೂ ನೀಡಿತು; 1870ರ 15ನೆಯದು ಜನಾಂಗದ ಕಾರಣದಿಂದ ಮತವನ್ನು ನಿರಾಕರಿಸಬಾರದೆಂದಿತು. ಆದರೂ 1896ರಲ್ಲಿ ರೈಲುಗಾಡಿಯ ಪ್ರತ್ಯೇಕ ಡಬ್ಬಿಗಳ ಪ್ರಕರಣದಲ್ಲಿ, ಬೇರೆ ಬೇರೆ ಕೂರಿಸಿದರೂ ಸಮಾನತೆಗೆ ಭಂಗವಿಲ್ಲವೆಂದು ನ್ಯಾಯಾಲಯ 7ಕ್ಕೆ 1ರಂತೆ ಒಪ್ಪಿತು. ಆ ಒಬ್ಬ, ಜಾನ್ ಮಾರ್ಷಲ್ ಹಾರ್ಲನ್, ಸಂವಿಧಾನಕ್ಕೆ ಬಣ್ಣಭೇದವಿಲ್ಲವೆಂದು ಬರೆದ ಭಿನ್ನಮತ 58 ವರ್ಷ ಕಾಯಬೇಕಾಯಿತು. 1954ರ ಮೇ 17ರಂದು, ಟೊಪೀಕ ನಗರದ ಬ್ರೌನ್ ಪ್ರಕರಣದಲ್ಲಿ, ಶಾಲೆಗಳಲ್ಲಿ ಮಕ್ಕಳನ್ನು ಬಣ್ಣದ ಮೇಲೆ ಬೇರ್ಪಡಿಸುವುದು ಸಮಾನತೆಗೆ ವಿರುದ್ಧವೆಂದು ಒಂಬತ್ತು ಮಂದಿಯೂ ಒಮ್ಮತದಿಂದ ತೀರ್ಪಿತ್ತರು. ಮಕ್ಕಳ ಪರವಾಗಿ ವಾದಿಸಿದ ವಕೀಲರ ಮುಂದಾಳು ತರ್ಗುಡ್ ಮಾರ್ಷಲ್. 1967ರಲ್ಲಿ ಅದೇ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾದ ಆತ 1987ರಲ್ಲಿ ಸಂವಿಧಾನದ ಇನ್ನೂರನೆಯ ವರ್ಷದ ಸಂಭ್ರಮದ ನಡುವೆ, ಮೂಲ ದಾಖಲೆಯು ಹುಟ್ಟಿನಿಂದಲೇ ದೋಷಯುಕ್ತವಾಗಿತ್ತೆಂದು ನೆನಪಿಸಿದ. ಉತ್ಸವದ ದಿನ ಇಂತಹ ಮಾತನ್ನಾಡುವುದು ಕೃತಘ್ನತೆಯೆನಿಸದು. ಮನೆಯನ್ನು ನಿಜವಾಗಿ ಪ್ರೀತಿಸುವವನು ಸೋರುವ ಮಾಡನ್ನೂ ತೋರಿಸುತ್ತಾನೆ.

ಸಂಯುಕ್ತ ಪದ್ಧತಿಯ ಎರಡು ಮುಖಗಳನ್ನೂ ಶಾಲೆಯ ಅಂಗಳದಲ್ಲಿಯೇ ಕಾಣಬಹುದು. ರಾಷ್ಟ್ರಕ್ಕೂ ರಾಜ್ಯಗಳಿಗೂ ಅಧಿಕಾರವನ್ನು ಹಂಚಿದ್ದು ಸ್ವಾತಂತ್ರ್ಯದ ರಕ್ಷಣೆಗಾಗಿ. ಆದರೆ 1957ರ ಸೆಪ್ಟೆಂಬರ್‌ನಲ್ಲಿ ಆರ್ಕನ್ಸಾ ರಾಜ್ಯದ ಗವರ್ನರ್ ಓರ್ವಲ್ ಫಾಬಸ್ ರಾಜ್ಯದ ಅಧಿಕಾರವೆಂಬ ಹೆಸರಿನಲ್ಲಿ ಲಿಟ್ಲ್ ರಾಕ್ ನಗರದ ಪ್ರೌಢಶಾಲೆಯ ಬಾಗಿಲಿಗೆ ಸಶಸ್ತ್ರ ಪಡೆಯನ್ನು ನಿಲ್ಲಿಸಿ ಒಂಬತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನು ತಡೆದ. ಅಧ್ಯಕ್ಷ ಐಸನ್‌ಹೋವರ್ ರಾಷ್ಟ್ರದ ಸೈನ್ಯವನ್ನು ಕಳುಹಿಸಿದ; ಸೈನಿಕರ ಬೆಂಗಾವಲಿನಲ್ಲಿ ಮಕ್ಕಳು ತರಗತಿಗೆ ಹೋದರು. ಒಂಬತ್ತು ಮಕ್ಕಳು ಪಾಠ ಕೇಳಲೆಂದು ಒಂದು ಮಹಾರಾಷ್ಟ್ರದ ಸೇನೆ ಶಾಲೆಯ ಮೆಟ್ಟಿಲಲ್ಲಿ ನಿಲ್ಲಬೇಕಾಗಿ ಬಂದಿತೆಂಬುದು ಲಜ್ಜೆಯ ಸಂಗತಿ. ನಿಂತಿತೆಂಬುದು ಗೌರವದ ಸಂಗತಿ. ಆ ಮಕ್ಕಳಲ್ಲೊಬ್ಬನಾದ ಅರ್ನೆಸ್ಟ್ ಗ್ರೀನ್ 1958ರ ಮೇ ತಿಂಗಳಲ್ಲಿ ಅದೇ ಶಾಲೆಯಿಂದ ತೇರ್ಗಡೆಯಾಗಿ ಹೊರಬಂದ.

ಶಾಲೆಗೆ ಸಂಬಂಧಿಸಿದ ಇನ್ನೊಂದು ಪ್ರಕರಣ ಶಿಕ್ಷಕರೆಲ್ಲರೂ ಮನನ ಮಾಡಬೇಕಾದುದು. 1940ರಲ್ಲಿ, ರಾಷ್ಟ್ರಧ್ವಜಕ್ಕೆ ವಂದಿಸಲು ತಮ್ಮ ಧರ್ಮಶ್ರದ್ಧೆ ಒಪ್ಪದೆಂದ ಮಕ್ಕಳನ್ನು ಶಾಲೆಯಿಂದ ಹೊರಹಾಕಬಹುದೆಂದು ಸರ್ವೋಚ್ಚ ನ್ಯಾಯಾಲಯ 8ಕ್ಕೆ 1ರಂತೆ ತೀರ್ಪಿತ್ತಿತು. ಅದರ ಬೆನ್ನಲ್ಲೇ ಆ ಪಂಥದವರ ಮೇಲೆ ದೇಶದ ಹಲವೆಡೆ ಹಲ್ಲೆಗಳಾದವು. ತೀರ್ಪಿನ ಪರವಾಗಿದ್ದ ಮೂವರು ನ್ಯಾಯಮೂರ್ತಿಗಳು ಎರಡು ವರ್ಷಗಳಲ್ಲಿ ತಾವು ತಪ್ಪಿದೆವೆಂದು ಬಹಿರಂಗವಾಗಿ ಒಪ್ಪಿಕೊಂಡರು. 1943ರ ಜೂನ್ 14ರಂದು, ಎರಡನೆಯ ಮಹಾಯುದ್ಧದ ನಡುವೆ, ಅದೂ ಧ್ವಜದಿನದಂದೇ, ನ್ಯಾಯಾಲಯವು 6ಕ್ಕೆ 3ರ ಬಹುಮತದಿಂದ ಹಳೆಯ ತೀರ್ಪನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ ಬರೆದ ಈ ಬಾರ್ನೆಟ್ ತೀರ್ಪಿನ ಸಾರ ಇದು: ದೇಶಭಕ್ತಿಯನ್ನು ಬಲಾತ್ಕಾರದಿಂದ ಬಾಯಿಗೆ ತುರುಕಲಾಗದು, ಕೆಲವು ಹಕ್ಕುಗಳು ಬಹುಮತದ ಎಣಿಕೆಗೆ ಸಿಕ್ಕತಕ್ಕವಲ್ಲ. ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಗಾದಾಗ, ಭಾರತದ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಈ ತೀರ್ಪನ್ನೂ ಪರಾಮರ್ಶಿಸಿ ಆ ಮಕ್ಕಳ ಪರವಾಗಿ ನಿರ್ಣಯ ಕೊಟ್ಟಿತು.

ಭಾರತಕ್ಕೂ ಅಮೆರಿಕದ ಸಂವಿಧಾನಕ್ಕೂ ಇರುವ ನಂಟು ಕನ್ನಡ ನಾಡಿನ ಮೂಲಕವೂ ಹಾದುಹೋಗಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ದಕ್ಷಿಣ ಕನ್ನಡ ಮೂಲದವರು. 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡು ಚರ್ಚಿಸಿದರು. ಧ್ವಜವಂದನೆಯ ಮೊದಲ ತೀರ್ಪನ್ನು ಬರೆದು, ಎರಡನೆಯದನ್ನು ವಿರೋಧಿಸಿದವರು ಅವರೇ. ಪ್ರಜೆಗಳು ಆರಿಸಿದ ಶಾಸಕಾಂಗದ ಕಾನೂನುಗಳನ್ನು ನ್ಯಾಯಾಧೀಶರು ತಮ್ಮ ವಿವೇಕದ ಅಳತೆಗೋಲಿನಿಂದ ಅಳೆಯುವುದು ಸಲ್ಲದೆಂಬುದು ಅವರ ದೃಢವಾದ ಮತ. ಅವರ ಸಲಹೆಯೂ ಕಾರಣವಾಗಿ ಭಾರತದ ಸಂವಿಧಾನದ 21ನೆಯ ಅನುಚ್ಛೇದದಲ್ಲಿ ಅಮೆರಿಕದ ವಿಶಾಲವಾದ ಪದಗುಚ್ಛಕ್ಕೆ ಬದಲಾಗಿ, ಕಾನೂನು ಗೊತ್ತುಪಡಿಸಿದ ವಿಧಾನದಂತೆ ಎಂಬ ಕಿರಿದಾದ ಮಾತು ಸೇರಿತು. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಸೆರೆಯಾದವನು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಹೇಳಿದರು; ಭಿನ್ನಮತ ಬರೆದವರು ಎಚ್. ಆರ್. ಖನ್ನಾ ಒಬ್ಬರೇ. ಹಾರ್ಲನ್ನನ ಭಿನ್ನಮತದಂತೆ ಅದೂ ಕಾಯಬೇಕಾಯಿತು. 1978ರ ಮೇನಕಾ ಗಾಂಧಿ ಪ್ರಕರಣ ಆ ಕಿರಿದಾದ ಮಾತನ್ನು ಹಿಗ್ಗಿಸಿತು. 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1976ರ ತೀರ್ಪನ್ನು ಸ್ಪಷ್ಟವಾಗಿ ತಳ್ಳಿಹಾಕಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಎಂಬುದು ಸ್ಮರಣೀಯ.

ಸಂವಿಧಾನ ಎಷ್ಟೇ ಒಳ್ಳೆಯದಾಗಿದ್ದರೂ ಅದನ್ನು ನಡೆಸುವವರು ಕೆಟ್ಟವರಾದರೆ ಅದು ಕೆಟ್ಟದ್ದೇ ಆಗುತ್ತದೆಂದು ಡಾ. ಅಂಬೇಡ್ಕರ್ 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿದ ಅವರ ಈ ಮಾತಿಗೆ ಆ ದೇಶದ ಇತಿಹಾಸವೇ ದೀರ್ಘವಾದ ಭಾಷ್ಯದಂತಿದೆ. ಮ್ಯಾಡಿಸನ್ ಆಳುವವರ ಸದ್ಗುಣವನ್ನು ನೆಚ್ಚಬೇಡಿರೆಂದ, ಅದು ಸರಿ. ಆದರೆ ಅವನು ಕಟ್ಟಿದ ಯಂತ್ರ ಓಡಿದ್ದು, ತಕ್ಕ ಹೊತ್ತಿಗೆ ಯಾರೋ ಒಬ್ಬರು ತಮ್ಮ ಲಾಭವನ್ನು ಬಿಟ್ಟು ಕರ್ತವ್ಯಕ್ಕೆ ನಿಂತುದರಿಂದ. ಯಂತ್ರವೂ ಬೇಕು, ಯಂತ್ರ ನಡೆಸುವ ಮನುಷ್ಯನೂ ಬೇಕು. ಯಂತ್ರವನ್ನು ಶಾಸನಸಭೆಗಳು ರಚಿಸಿಯಾವು. ಮನುಷ್ಯನನ್ನು ರೂಪಿಸುವ ಕೆಲಸ ಮನೆ ಹಾಗೂ ಶಾಲೆಗಳದು.

ಆದಕಾರಣ ಈ ವಿಷಯವನ್ನು ಬೋಧಿಸುವ ಕ್ರಮ ಬದಲಾಗುವುದು ಒಳಿತು. ಅಧಿಕಾರ ಪ್ರತ್ಯೇಕತೆ ಎಂದು ಕರಿಹಲಗೆಯ ಮೇಲೆ ಬರೆಯುವ ಮೊದಲು ಶಿಕ್ಷಕರು ಉಕ್ಕಿನ ಕಾರ್ಖಾನೆಯ ಕಥೆಯನ್ನು ಹೇಳಿ, "ಟ್ರೂಮನ್ ಮಾಡಿದ್ದು ಸರಿಯೇ?" ಎಂದು ಕೇಳಲಿ. ತರಗತಿ ಎರಡು ಪಕ್ಷವಾಗಲಿ. ಗ್ಯಾರಿಸನ್ನನ ಪರವಾಗಿ ಒಬ್ಬನೂ ಡಗ್ಲಸ್ಸನ ಪರವಾಗಿ ಇನ್ನೊಬ್ಬನೂ ವಾದಿಸಲಿ. ಶಾಲೆಯ ಚರ್ಚಾಕೂಟದಲ್ಲಿ ಸೋತವನು ಗೆದ್ದವನ ಕೈ ಕುಲುಕಲಿ. ಬಹುಮತಕ್ಕೆ ಒಪ್ಪದ ಒಬ್ಬ ಹುಡುಗಿ ಎದ್ದು ನಿಂತಾಗ ಉಳಿದ ನಲವತ್ತು ಮಂದಿ ನಗದೆ ಕೇಳಲಿ. ಇದಕ್ಕೆ ಹೊಸ ಕಟ್ಟಡ ಬೇಡ, ದುಬಾರಿ ಸಲಕರಣೆ ಬೇಡ. ಶಿಕ್ಷಕರಿಗೆ ಓದಲು ನಾಲ್ಕು ಒಳ್ಳೆಯ ಪುಸ್ತಕಗಳು, ಪಠ್ಯದ ಗಡಿಬಿಡಿಯ ನಡುವೆ ವಾರಕ್ಕೊಂದು ಗಂಟೆ ಬಿಡುವು ದೊರೆತರೆ ಸಾಕು. ವಿದ್ಯಾಸಂಸ್ಥೆಗಳಿಗೆ ಉದಾರವಾಗಿ ನೆರವಾಗುವ ದಾನಿಗಳು ಗ್ರಂಥಾಲಯದ ಕಡೆಗೂ ಒಮ್ಮೆ ದೃಷ್ಟಿ ಹರಿಸಿದರೆ ಆ ದಾನ ಕಲ್ಲಿನ ಶಾಸನಕ್ಕಿಂತ ಹೆಚ್ಚು ಕಾಲ ಬಾಳೀತು.

2026ನೆಯ ಇಸವಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ 250ನೆಯ ವರ್ಷ. ಆ ದೇಶದ ಸಂವಿಧಾನ 27 ತಿದ್ದುಪಡಿಗಳನ್ನು ಕಂಡು, ಅನೇಕ ಸಲ ಮುಗ್ಗರಿಸಿ, ಇನ್ನೂ ನಡೆಯುತ್ತಿದೆ. ಅದನ್ನು ಪೂಜಿಸಬೇಕಾಗಿಲ್ಲ, ಹಳಿಯಬೇಕಾಗಿಯೂ ಇಲ್ಲ, ಅರಿಯಬೇಕಾಗಿದೆ. ಬೇಲಿ ಹೊಲವನ್ನು ಮೇಯದಂತೆ ಕಾಯುವವರು ಯಾರು ಎಂಬ ಪ್ರಶ್ನೆಗೆ ಅದರ ಇತಿಹಾಸ ಕೊಡುವ ಉತ್ತರ ಸರಳವಾದುದು. ಬೇಲಿಯನ್ನು ಬೇಲಿ ಕಾಯದು. ಹೊಲದ ಒಡೆಯರಾದ ಪ್ರಜೆಗಳು ಎಚ್ಚರವಾಗಿದ್ದು, ತಮ್ಮ ನಂತರ ಕಾಯುವವರನ್ನೂ ತಯಾರು ಮಾಡಬೇಕು. ಆ ತಯಾರಿ ನಡೆಯುವ ಸ್ಥಳವೇ ಶಾಲೆ.